ಕಮಾನಿನಡಿ ಬಿದ್ದ ಹೆಣ

ಪಾಕಿಯಂ ಹುಟ್ಟಿದ್ದು ಸುಣ್ಣದ ಗೂಡಿನ ಪಕ್ಕ. ನಲ್ಲೂರಿನ ಸಂಗಿಲಿ ತೋಪಿನ ಹಿಂಬದಿಗೆ ಇಪ್ಪತ್ತು ಗುಡಿಸಲುಗಳ ಕೇರಿ ಅದು. ಗಂಡಸರು ಸುಣ್ಣ ಸುಡುತ್ತಿದ್ದರು, ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಹೆಂಗಸರು ಗಾಡಿಯಲ್ಲಿ ಬಂದ ಹವಳದ ಕಲ್ಲನ್ನು ಒಡೆದು ಗೂಡಿಗೆ ತುಂಬುತ್ತಿದ್ದರು. ಹತ್ತು ವರ್ಷ ತುಂಬುವಷ್ಟರಲ್ಲಿ ಕೇರಿಯ ಯಾವ ಹೆಣ್ಣಿನ ಅಂಗೈಯಲ್ಲೂ ಗೆರೆ ಉಳಿಯುತ್ತಿರಲಿಲ್ಲ, ಸುಣ್ಣ ತಿಂದುಬಿಡುತ್ತಿತ್ತು. ಲಂಕೆಯ ಬಡಗು ತುದಿಯ ಯಾಳ್ಪಾಣ ಪಟ್ಟಣದ ಅರ್ಧ ಗೋಡೆಗಳು ಇವರು ಸುಟ್ಟ ಸುಣ್ಣದಿಂದ ನಿಂತವು. ಆ ಗೋಡೆಗಳ ಒಳಗೆ ಇವರು ಕಾಲಿಡುವಂತಿರಲಿಲ್ಲ.

ಕೇರಿಗೂ ದೊಡ್ಡ ರಸ್ತೆಗೂ ನಡುವೆ ಕಮಾನು ನಿಂತಿತ್ತು. ರಾಜನ ಅರಮನೆಯನ್ನು ಪರಂಗಿಯವರು ಎಂದೋ ಒಡೆದು ಕಲ್ಲು ಹೊತ್ತುಕೊಂಡು ಹೋಗಿದ್ದರು. ಉಳಿದದ್ದು ಈ ಒಂದು ಬಾಗಿಲು. ಎರಡು ದಪ್ಪ ಕಂಬ, ಮೇಲೆ ಇಟ್ಟಿಗೆಯ ಬಿಲ್ಲು, ಅದರ ಮೈಮೇಲೆ ಗಾರೆಯಲ್ಲಿ ತೀಡಿದ ಬಳ್ಳಿ. ಕೆಡಿಸಿದವರಿಗೆ ಶಿಕ್ಷೆ ಎಂದು ಸರ್ಕಾರ ಬೋರ್ಡು ನೆಟ್ಟಿತ್ತು. ಎಲ್ಲೆಲ್ಲಿಂದಲೋ ಜನ ಬಂದು ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಕೇರಿಯಿಂದ ಕಮಾನು ಹಾಯ್ದು ರಸ್ತೆ ಸೇರಲು ನೂರು ಹೆಜ್ಜೆ ಸಾಕು. ಆದರೆ ಸುತ್ತಲಿನ ತಾಳೆ ತೋಪು ಊರಿನ ಒಡೆಯ ಅಂಬಲವಾಣರದು. ರಾಜರು ನಡೆದ ಬಾಗಿಲಲ್ಲಿ ಸುಣ್ಣದವರು ನಡೆಯಕೂಡದು ಎಂದು ಅವರ ಅಪ್ಪನ ಕಾಲದಿಂದ ಕಟ್ಟಳೆ. ಕೇರಿಯವರು ಹಿಂದಿನ ಕತ್ತಾಳೆ ಮೆಳೆ ದಾಟಿ, ಗದ್ದೆಯ ಬದುವಿನ ಮೇಲೆ ಮುಕ್ಕಾಲು ಮೈಲಿ ಸುತ್ತಿ ರಸ್ತೆ ಸೇರಬೇಕು. ಬಸುರಿಯರು ಹೋಗಿದ್ದೂ ಹಾಗೆಯೇ, ಹೆಣಗಳು ಹೋಗಿದ್ದೂ ಹಾಗೆಯೇ. ಮದುವೆಯಾಗಿ ಎರಡು ವರ್ಷಕ್ಕೆ ಪಾಕಿಯಂಳ ಗಂಡ ವಾಂತಿಭೇದಿಯಲ್ಲಿ ಸತ್ತಾಗ ಮಳೆಗಾಲ. ಹೊತ್ತವರು ತೊಡೆವರೆಗೆ ಹೂತುಹೋಗಿ, ಚಟ್ಟ ಮಗುಚಿ, ಹೆಣದ ಬಾಯೊಳಗೆಲ್ಲ ಕೆಸರು ತುಂಬಿತ್ತಂತೆ. ಅವಳು ಅದನ್ನು ನೋಡಿರಲಿಲ್ಲ. ಅಲ್ಲಿ ಹೆಂಗಸರು ಸುಡುಗಾಡಿಗೆ ಹೋಗುವುದಿಲ್ಲ. ಬೇಲಿಯ ತಡಿಕೆ ಬಾಗಿಲ ತನಕ ಎದೆ ಬಡಿದುಕೊಂಡು ಹೋಗಿ ಅಲ್ಲಿಂದಲೇ ಹಿಂದಿರುಗುತ್ತಾರೆ. ಅವಳು ನೋಡಿದ್ದು ಹೊತ್ತು ಬಂದವರ ಕಾಲಿನ ಕೆಸರನ್ನು ಮಾತ್ರ.

ಮತ್ತೆ ಅಪ್ಪನ ಗುಡಿಸಲಿಗೆ ಬಂದಳು. ಅಪ್ಪ ವೈರವನ್ ಹಳೆಯ ಗಾರೆಯ ಹದ ಬಲ್ಲ ಕೊನೆಯವನು. ಸುಣ್ಣವನ್ನು ಎಷ್ಟು ದಿನ ಕೊಳೆಸಬೇಕು, ತಾಳೆಬೆಲ್ಲದ ನೀರು ಎಷ್ಟು ಬೆರೆಸಬೇಕು ಎಂಬುದನ್ನು ನಾಲಿಗೆಗೆ ಹಚ್ಚಿ ಹೇಳುತ್ತಿದ್ದ. ಪಾಕಿಯಂ ಅವನಿಗೆ ಗಾರೆ ಅರೆದುಕೊಡುತ್ತಿದ್ದಳು.

ಇವರಂಥವರಿಗೆ ಗುಡಿಗಳ ಬಾಗಿಲು ತೆಗೆಸುವ ಜಗಳ ಯಾಳ್ಪಾಣದ ಉದ್ದಕ್ಕೂ ಹೊತ್ತಿಕೊಂಡಿದ್ದ ವರ್ಷವದು. ಪೇಟೆಯ ಯಾವನೋ ಗುತ್ತಿಗೆದಾರ ಮೆತ್ತಿದ್ದ ಸಿಮೆಂಟು ಸಿಡಿದು ಕಮಾನು ಬಾಯಿ ಬಿಟ್ಟಿತು. ವೈರವನ್‌ನನ್ನು ಕರೆಸಿದರು. ಕಟ್ಟಳೆಯೂ ಕೆಡಬಾರದು, ಕೆಲಸವೂ ಆಗಬೇಕು. ವೈರವನ್ ಕೇರಿಯ ಕಡೆ ಏಣಿ ಹಾಕಿ ಆ ಮೈಗೆ ಕರಣೆ ಆಡಿಸುವನು. ಆಮೇಲೆ ಇಳಿದು, ಏಣಿ ಹೆಗಲಿಗೇರಿಸಿ, ಮುಕ್ಕಾಲು ಮೈಲಿ ಮುಳ್ಳುದಾರಿ ಸುತ್ತಿ, ರಸ್ತೆಯ ಕಡೆ ಬಂದು ಮತ್ತೆ ಏಣಿ ಹಾಕಿ ಈ ಮೈಗೆ ಕರಣೆ ಆಡಿಸುವನು. ಗೋಡೆಯ ದಪ್ಪ ಮೂರು ಮೊಳ. ಮೂರು ಮೊಳ ದಾಟಲು ದಿನಕ್ಕೆ ನಾಲ್ಕು ಸಲ ಮುಕ್ಕಾಲು ಮೈಲಿ. ಕಮಾನಿನ ಹೊಟ್ಟೆಗೆ ಏಣಿಯ ತುದಿಯಿಂದ ಕೈ ಚಾಚಿ, ಕಣ್ಣಿಲ್ಲದವನಂತೆ ತಡವಿ ತಡವಿ ಗಾರೆ ಮೆತ್ತಿದ.

"ಹೊಟ್ಟೆಯೊಳಗೆ ಟೊಳ್ಳು ಉಳಿದಿದ್ರೆ ಗೊತ್ತಾಗಲ್ಲ ಕಣೆ," ಎಂದು ಮಗಳಿಗೆ ಹೇಳುತ್ತಿದ್ದ. "ಕೆಳಗೆ ನಿಂತು ತಟ್ಟಿ ಕೇಳ್ಬೇಕು."

ಕೆಲಸ ಮುಗಿದ ದಿನ ಕೊಲಂಬೊದಿಂದ ಅಧಿಕಾರಿ ಕಮಾನು ನೋಡಲು ಬಂದ. ಬಿಳಿ ಅಂಗಿ, ಕಪ್ಪು ಕನ್ನಡಕ. ಜೊತೆಗೆ ಅಂಬಲವಾಣರ್, ಹೆಗಲ ಮೇಲೆ ಜರಿಯ ಶಾಲು, ಮುಖದ ತುಂಬ ನಗು. ಅಧಿಕಾರಿ ಕಮಾನಿನ ಕೆಳಗೆ ನಿಂತು ತಲೆ ಎತ್ತಿದ.

"ಒಳಗಿನ ಗಾರೆ ಹಿಡಿದಿದ್ಯೇನಯ್ಯ? ಬಾ ಇಲ್ಲಿ, ತೋರ್ಸು."

ವೈರವನ್ ದೂರದಲ್ಲೇ ಹೆಗಲ ಬಟ್ಟೆ ಕಂಕುಳಿಗೆ ಸಿಕ್ಕಿಸಿಕೊಂಡು ನಿಂತಿದ್ದ. "ನಾವು ಅಲ್ಲಿಗೆ ಬರಂಗಿಲ್ಲ ಸ್ವಾಮಿ."

"ಯಾರು ಹೇಳಿದ್ದು? ಇದು ಸರ್ಕಾರದ ಜಾಗ. ಬಾ ಅಂದ್ರೆ ಬಾ."

ವೈರವನ್ ಅಂಬಲವಾಣರ ಮುಖ ನೋಡಿದ. ಅವರು ನಗುತ್ತಲೇ, "ಹೋಗೋ, ದೊರೆಗಳು ಕರೀತಾ ಇದಾರಲ್ಲ," ಎಂದರು.

ಆ ಮಾತನ್ನು ಅವನು ನಂಬಿಬಿಟ್ಟ. ಕೆಳಗೆ ಹೋಗಿ ಏಣಿ ಹಾಕಿ ನಿಂತ. ಬೆರಳ ಗಂಟಿನಿಂದ ಈ ತುದಿಯಿಂದ ಆ ತುದಿಗೆ ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಹೋದ. ಅರ್ಧ ಚುಟ್ಟಾ ಸೇದುವಷ್ಟು ಹೊತ್ತು. ಗಾರೆಬುಟ್ಟಿ ಹಿಡಿದು ಈಚೆ ನಿಂತಿದ್ದ ಪಾಕಿಯಂಗೆ ಅಪ್ಪನ ಮುಖ ಅರಳಿದ್ದು ಕಂಡಿತು. "ಒಂದು ಕಡೆನೂ ಟೊಳ್ಳಿಲ್ಲ ಸ್ವಾಮಿ!"

ಅಧಿಕಾರಿಯ ಕಾರು ಹೊರಟಿತು. ಅದೆಬ್ಬಿಸಿದ ಧೂಳು ಇನ್ನೂ ಕೆಳಗಿಳಿದಿರಲಿಲ್ಲ, ಅಂಬಲವಾಣರ ತಂಗಿಯ ಮಗ ಶಿವಕೊಳುಂದು ಮೂರು ಜನರನ್ನು ಕಟ್ಟಿಕೊಂಡು ತೋಪಿನಿಂದ ಬಂದ. ಕೈಯಲ್ಲಿ ತಾಳೆಯ ಹಸಿ ಮಟ್ಟೆ. ಅದರ ಎರಡೂ ಅಂಚಿಗೆ ಗರಗಸದ ಹಲ್ಲು. ಬಡಿದರೆ ಮೂಳೆಗೆ ಪೆಟ್ಟು, ಎಳೆದರೆ ಚರ್ಮ ಕಿತ್ತು ಬರುತ್ತದೆ. ಕೈ ಸೋಕಿಸದೆ, ದನ ಹೊಡೆದ ಹಾಗೆ ಹೊಡೆದರು. ಬಿದ್ದ ಮೇಲೂ ಹೊಡೆದರು. ಅಡ್ಡ ಹೋದ ಪಾಕಿಯಂಳ ಬೆನ್ನಿಗೂ ಎರಡು ಬಿತ್ತು.

"ನೀವೇ ಹೋಗು ಅಂದ್ರಲ್ಲ ನಯಿನಾರೇ!" ಎಂದು ವೈರವನ್ ಕೂಗಿದ. ಒಡೆಯರನ್ನು ಹಾಗೆಂದೇ ಕರೆಯಬೇಕು, ಸಾಯುವಾಗಲೂ.

"ಹೋಗು ಅಂದ ಮಾತ್ರಕ್ಕೆ ಹೋಗೋದೇನೋ ನಾಯಿ?" ಅಂಬಲವಾಣರ್ ಶಾಲು ಸರಿಮಾಡಿಕೊಂಡರು. "ಬುದ್ಧಿ ಬೇಡ್ವ ನಿಂಗೆ?"

ಐದು ದಿನ ರಕ್ತ ಉಚ್ಚೆ ಹೊಯ್ದು, ಆರನೆಯ ದಿನ ಬೆಳಗ್ಗೆ ವೈರವನ್ ಸತ್ತ. ಕೊನೆಯಲ್ಲಿ ಅವನು ಏನೂ ಕೇಳಲಿಲ್ಲ, ನೀರು ಬಿಟ್ಟು. ಕೇಳಿದವಳು ಪಾಕಿಯಂ. ಹೆಣವನ್ನು ಅಂಗಳದಲ್ಲಿ ಮಲಗಿಸಿ ಕೇರಿಯವರೆಲ್ಲ ಸೇರಿದ್ದಾಗ ಅವಳು ಎದ್ದು ನಿಂತು ಹೇಳಿದಳು:

"ಅಪ್ಪನ್ನ ಕಮಾನಿನೊಳಗಿಂದ್ಲೇ ತಗೊಂಡು ಹೋಗ್ಬೇಕು."

ಪಕ್ಕದ ಗುಡಿಸಲಿನ ಸೆಲ್ಲಾಚ್ಚಿ, ಐವತ್ತು ದಾಟಿದವಳು, ಕೇರಿಯಲ್ಲೇ ದೊಡ್ಡ ಬಾಯಿ, ಎಲೆಯಡಿಕೆ ಉಗಿದು ಎದ್ದಳು.

"ಹೆಣಕ್ಕೆ ಯಾವ ದಾರಿ ಆದ್ರೇನೆ? ಅದೇನು ನಡೆಯುತ್ತಾ, ಅದಕ್ಕೇನು ಕಾಲು ನೋಯುತ್ತಾ?"

"ಹೊರೋರಿಗೆ ನೋಯುತ್ತಲ್ಲ ಅಕ್ಕಾ."

"ಹೊರೋರ ತಲೆ ಒಡೀತಾರೆ. ಆಮೇಲೆ ಅವರನ್ನ ಯಾವ ದಾರೀಲಿ ಹೊರ್ತೀಯ?"

"ಅದೇ ದಾರೀಲಿ," ಎಂದಳು ಪಾಕಿಯಂ.

ಅವಳ ಸೋದರಮಾವ ಇಳೈಯಾನ್ ಮೆತ್ತಗಿನ ಮನುಷ್ಯ. ಅವತ್ತು ಮಾತ್ರ, "ಭಾವನ್ನ ಕೊಂದಿದ್ದೇ ಆ ಬಾಗಿಲಿಗೋಸ್ಕರ. ಬಾಗಿಲು ಅವನದೇ ಆಯ್ತು," ಎಂದ. ಗುಡಿ ಜಗಳಗಳಲ್ಲಿ ಪೆಟ್ಟು ತಿಂದು ಬಂದಿದ್ದ ಏಳೆಂಟು ಗಂಡಸರು ಹೌದು ಎಂದರು. ಅಗಸನೂ ಬರಲಿಲ್ಲ, ಕ್ಷೌರಿಕನೂ ಬರಲಿಲ್ಲ. ಈ ಕೇರಿಗೆ ಅವರು ಬರಕೂಡದು. ಕೇರಿಯವರೇ ದಾರಿಗೆ ಬಿಳಿಬಟ್ಟೆ ಹಾಸಿದರು, ಕೇರಿಯವರೇ ಶಂಖ ಊದಿದರು. ಹೊತ್ತು ಹನ್ನೊಂದರ ಸುಮಾರಿಗೆ ಚಟ್ಟ ಎದ್ದಿತು. ಹೆಂಗಸರು ಎದೆ ಬಡಿದುಕೊಂಡು ತಡಿಕೆ ಬಾಗಿಲ ತನಕ ಹೋಗಿ ನಿಂತರು. ಪಾಕಿಯಂ ಕೂಡ ನಿಂತಳು. ದಾರಿಯ ಕಟ್ಟಳೆ ಮುರಿಯಲು ಹೊರಟವಳಿಗೂ ಈ ಕಟ್ಟಳೆ ಮುರಿಯಬೇಕೆಂದು ಹೊಳೆದಿರಲಿಲ್ಲ.

ಮೊದಲು ತಮಟೆ ನಿಂತಿತು. ಆಮೇಲೆ ಸೋಡಾ ಬಾಟಲಿಗಳು ಒಡೆಯುವ ಸದ್ದು, ಒಂದರ ಮೇಲೊಂದು. ಆಮೇಲೆ ಗಂಡಸರು ಓಡಿಬಂದರು. ಒಬ್ಬನ ಕೆನ್ನೆ ಹರಿದು ಹಲ್ಲು ಕಾಣುತ್ತಿತ್ತು. ಇಬ್ಬರು ಮೂರನೆಯವನನ್ನು ಎಳೆದುಕೊಂಡು ಬರುತ್ತಿದ್ದರು, ಅವನ ಒಂದು ಪಾದ ಹಿಂದುಮುಂದಾಗಿ ತೂಗುತ್ತಿತ್ತು. ಇಳೈಯಾನ್ ಮಾವನ ತಲೆಯಿಂದ ರಕ್ತ ಸುರಿದು ಕಣ್ಣು ಮುಚ್ಚಿಹೋಗಿತ್ತು.

"ಅಪ್ಪ ಎಲ್ಲಿ ಮಾವ?"

"ಅಲ್ಲೇ ಬಿದ್ದ. ಕಮಾನಿನ ಅಡಿಯಲ್ಲಿ."

ಪಾಕಿಯಂ ತಡಿಕೆ ಬಾಗಿಲನ್ನು ಕಾಲಿನಿಂದ ಒದ್ದು ತೆಗೆದು ನಡೆದಳು.

ಚಟ್ಟ ಮಗುಚಿ, ಹೆಣ ಅಂಗಾತ ಕಮಾನಿನ ನಟ್ಟನಡುವೆ ಬಿದ್ದಿತ್ತು. ತಲೆ ರಸ್ತೆಯ ಕಡೆ, ಕಾಲು ಕೇರಿಯ ಕಡೆ. ಆಚೆ ರಸ್ತೆಯಂಚಿಗೆ ಇಪ್ಪತ್ತೈದು ಜನ ಮಟ್ಟೆ, ದೊಣ್ಣೆ ಹಿಡಿದು ನಿಂತಿದ್ದರು. ಗೆದ್ದವರ ಮುಖ ಅಲ್ಲ ಅವು, ಪೆಚ್ಚಾದ ಮುಖ. ಮೆರವಣಿಗೆಯನ್ನು ತಡೆಯುವುದೊಂದೇ ಅವರ ತಲೆಯಲ್ಲಿತ್ತು. ಹೊತ್ತವರು ಓಡಿಹೋದರೆ ಹೆಣ ಎತ್ತುವವರು ಯಾರು ಎಂದು ಯೋಚಿಸಿರಲಿಲ್ಲ. ಸುಣ್ಣದವನ ಹೆಣ. ಅವರಲ್ಲಿ ಒಬ್ಬನೂ ಮುಟ್ಟುವಂತಿಲ್ಲ. ಮುಟ್ಟಿಸಲು ಆಳುಗಳನ್ನು ಕರೆಸೋಣವೆಂದರೆ ಆ ಸುತ್ತಿನ ಆಳುಗಳೆಲ್ಲ ಇದೇ ಕೇರಿಯವರು. ಎದುರಿಗಿದ್ದ ಪಿಳ್ಳೈಯಾರ್ ಗಣಪನ ಗುಡಿಯ ಪೂಜಾರಿ ಅಯ್ಯರ್ ಹೆಣ ಕಂಡವನೇ ಬಾಗಿಲು ಎಳೆದುಕೊಂಡು ಬೀಗ ಹಾಕಿದ್ದ. ಕಣ್ಣೆದುರು ಹೆಣ ಬಿದ್ದಿರುವ ತನಕ ಆ ಬೀದಿಯ ಯಾವ ಮನೆಯಲ್ಲೂ ಒಲೆ ಹಚ್ಚುವಂತಿಲ್ಲ, ಒಂದು ಗುಟುಕು ನೀರು ಗಂಟಲಿಗಿಳಿಸುವಂತಿಲ್ಲ.

"ಏ ಹುಡುಗಿ," ಎಂದರು ಅಂಬಲವಾಣರ್, "ನಿಮ್ಮೋರನ್ನ ಕರಿ. ಎತ್ಕೊಂಡು ಹಿಂದಕ್ಕೆ ಹೋಗ್ಲಿ. ಯಾರೂ ಮುಟ್ಟಲ್ಲ."

ಪಾಕಿಯಂ ಅಪ್ಪನ ತಲೆಯ ಹತ್ತಿರ ಕುಳಿತಳು. ಅವನ ಬಾಯೊಳಗೆ ಹೊಕ್ಕಿದ್ದ ಮಣ್ಣನ್ನು ಬೆರಳಿನಿಂದ ತೆಗೆದಳು. "ಮುಂದಕ್ಕೆ ಆದ್ರೆ ಎತ್ತುತೀವಿ. ಹಿಂದಕ್ಕೆ ಆದ್ರೆ ಇಲ್ಲೇ ಇರ್ಲಿ."

"ಏನಂದೆ?"

"ಇಲ್ಲೇ ಕೊಳೀಲಿ ಅಂದೆ. ಬೋರ್ಡು ಹಾಕಿದಾರಲ್ಲ, ನೋಡೋಕ್ಕೆ ಬರೋರು ಇವನನ್ನೂ ನೋಡ್ಕೊಂಡು ಹೋಗ್ಲಿ."

ಮೊದಲ ಕಲ್ಲು ಅವಳ ಹಣೆಗೆ ಬಿತ್ತು. ಎರಡನೆಯದು ಹೆಣಕ್ಕೆ ಬಿತ್ತು. ಸೋಡಾ ಬಾಟಲಿ ಕಂಬಕ್ಕೆ ಬಡಿದು ಗಾಜು ಅವಳ ಕುತ್ತಿಗೆಗೆ ಸಿಡಿಯಿತು. ಅವಳು ಏಳಲಿಲ್ಲ. ಹೆಣವಿರುವ ಕಡೆಗೆ ಅವರು ಬರಲಿಲ್ಲ. ಹತ್ತಡಿ ದೂರದಲ್ಲಿ ಗೆರೆ ಎಳೆದ ಹಾಗೆ ನಿಂತೇ ಹೊಡೆದರು.

ಶಿವಕೊಳುಂದುಗೆ ಒಂದು ಉಪಾಯ ಹೊಳೆಯಿತು. ತೋಪಿನಿಂದ ಕಾಯಿ ಕೀಳುವ ಉದ್ದನೆಯ ದೋಟಿ ತರಿಸಿದ. ಹೆಣ ಮುಟ್ಟದೆ, ದೂರದಿಂದಲೇ ದೋಟಿಯ ತುದಿಯನ್ನು ವೈರವನ್‌ನ ಹೆಗಲಿಗೆ ಕೊಟ್ಟು ಕೇರಿಯ ಕಡೆಗೆ ನೂಕತೊಡಗಿದ. ಹೆಣ ಒಂದು ಗೇಣು ಸರಿಯಿತು. ಪಾಕಿಯಂ ದೋಟಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಅವನು ಮುಗ್ಗರಿಸಿದ. ಹಿಂದಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಅವನ ನೆತ್ತಿಗೇರಿತು. ದೋಟಿ ಕಿತ್ತುಕೊಂಡು ಮೇಲೆತ್ತಿ ಅವಳ ಎಡಗೈ ಮೇಲೆ ಬೀಸಿದ. ಹಸಿ ಕಟ್ಟಿಗೆ ಮುರಿದಂಥ ಸದ್ದು ಬಂತು. ಮೊಣಕೈ ಕೆಳಗೆ ಎಲುಬು ಚರ್ಮ ಸೀಳಿ ಹೊರಗೆ ಇಣುಕಿತು.

ಪಾಕಿಯಂ ಆಗ ಕೂಗಿದ ಕೂಗು ಕೇರಿಯ ತನಕ ಕೇಳಿಸಿತು. ಹೆಂಗಸರು ಇನ್ನೂ ತಡಿಕೆ ಬಾಗಿಲಲ್ಲೇ ನಿಂತಿದ್ದರು.

ಮೊದಲು ಬಂದವಳು ಸೆಲ್ಲಾಚ್ಚಿ. ತಲೆಯ ಮೇಲೆ ಬುಟ್ಟಿ. ಹಿಂದೆ ಇನ್ನೂ ಹದಿನೈದು ಹೆಂಗಸರು, ಎಲ್ಲರ ತಲೆಯ ಮೇಲೂ ಬುಟ್ಟಿ. ಗೂಡಿನಿಂದ ಆಗತಾನೇ ತೆಗೆದ, ಇನ್ನೂ ನೀರು ಕಾಣದ ಸುಣ್ಣದ ಪುಡಿ.

"ಏನೇ ಪಾಕಿಯಂ, ಹೇಳ್ದೆ ತಾನೇ ನಾನು ಬೇಡಾಂತ?" ಎಂದಳು. ಆಮೇಲೆ ರಸ್ತೆಯ ಕಡೆ ತಿರುಗಿ, "ಬನ್ನಿ ನಯಿನಾರೇ, ಹತ್ತಿರ ಬನ್ನಿ. ನಿಮ್ಮ ಮನೆ ಗೋಡೆಗೆಲ್ಲ ಬಳಿದಿದ್ದೀವಿ, ಮುಖಕ್ಕೂ ಒಂದು ಕೈ ಬಳೀತೀವಿ," ಎಂದಳು.

"ಹೆಣ್ಣು ನಾಯಿಗಳು ಬಂದ್ವು," ಎಂದ ಶಿವಕೊಳುಂದು. ಸಿಟ್ಟಿನಲ್ಲಿ ಹತ್ತಡಿಯ ಗೆರೆ ಮರೆತು ದೋಟಿ ಎತ್ತಿಕೊಂಡು ಮುಂದೆ ಬಂದ. ಸೆಲ್ಲಾಚ್ಚಿ ಎರಡು ಬೊಗಸೆ ತುಂಬ ಎತ್ತಿ ಅವನ ಮುಖಕ್ಕೇ ರಾಚಿದಳು. ಅವನು ದೋಟಿ ಬಿಸುಟು, ಕಣ್ಣು ಹಿಡಿದುಕೊಂಡು, ಕಡಿದ ಹಂದಿಯಂತೆ ಅರಚುತ್ತ ನೆಲಕ್ಕೆ ಬಿದ್ದ.

"ನೀರು! ನೀರು ತನ್ನಿ!" ಎಂದು ಅವನ ಕಡೆಯವನೊಬ್ಬ ಬಾವಿಗೆ ಓಡಿದ.

ಮೊದಲು ಒಣಬಟ್ಟೆಯಿಂದ ಸುಣ್ಣ ಝಾಡಿಸಬೇಕು, ಆಮೇಲೆ ಕೊಡಗಟ್ಟಲೆ ಸುರಿಯಬೇಕು. ಒಂದು ಚೊಂಬು ನೀರು ಬಿದ್ದರೆ ನೀರು ಕಾಣದ ಸುಣ್ಣ ಕುದಿಯತೊಡಗುತ್ತದೆ. ಕೇರಿಯ ಮೂರು ವರ್ಷದ ಕೂಸಿಗೂ ಗೊತ್ತಿದ್ದ ವಿಷಯ. ಪಾಕಿಯಂಗೂ ಗೊತ್ತಿತ್ತು. ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವಳು ನೋಡುತ್ತ ಕುಳಿತಳು, ಬಾಯಿ ಬಿಡಲಿಲ್ಲ. ಒಂದು ಚೊಂಬು ನೀರು ಬಂತು. ಸುರಿದರು. ಶಿವಕೊಳುಂದುವಿನ ಮುಖದ ಮೇಲೆ ಬುರುಗೆದ್ದು ಹೊಗೆಯಾಡಿತು. ಅವನ ಒಂದು ಕಣ್ಣು ಅಲ್ಲಿಗೇ ಮುಗಿಯಿತು.

ಅವನನ್ನು ಎತ್ತಿಕೊಂಡು ಹೋದರು. ಉಳಿದವರು ಮೂವತ್ತಡಿ ಹಿಂದೆ ಸರಿದರು. ಹೆಂಗಸರು ಕಂಬದಿಂದ ಕಂಬಕ್ಕೆ ಬುಟ್ಟಿ ಇಟ್ಟುಕೊಂಡು ಕುಳಿತರು. ಒಬ್ಬಳು ವೈರವನ್‌ನ ಹೆಗಲ ಬಟ್ಟೆಯಿಂದ ಪಾಕಿಯಂಳ ಕೈ ಬಿಗಿದು ಕಟ್ಟಿದಳು. ಎಲುಬು ಒಳಗೆ ಹೋಗಲಿಲ್ಲ, ಹಾಗೇ ಕಟ್ಟಿದಳು. ಹೊತ್ತು ಒಂದಾಯಿತು, ಎರಡಾಯಿತು. ಯಾಳ್ಪಾಣದ ಬಿಸಿಲು. ಹೆಣದ ಮೂಗಿನ ಸುತ್ತ ನೊಣ ಕವಿದವು. ವಾಸನೆ ಎದ್ದು ಗಾಳಿಯ ಜೊತೆ ರಸ್ತೆಯ ಕಡೆಗೆ, ಅಂಬಲವಾಣರ ಮನೆಯ ಜಗಲಿಗೆ ನಡೆಯಿತು.

ಮೂರು ಗಂಟೆಗೆ ಅಂಬಲವಾಣರ ತಾಯಿ ತೈಯಲ್‌ನಾಯಕಿ ಕೋಲೂರಿಕೊಂಡು ಜಗಲಿಗೆ ಬಂದಳು. ಎಂಬತ್ತು ವರ್ಷದ ಮುದುಕಿ, ಬೆಳಗಿನಿಂದ ನೀರು ಕುಡಿದಿರಲಿಲ್ಲ, ತುಟಿ ಒಡೆದಿತ್ತು.

"ಅದನ್ನ ಹೋಗಕ್ಕೆ ಬಿಡೋ!" ಎಂದು ಮಗನಿಗೆ ಕಿರುಚಿದಳು. "ಮನೇಲಿ ಎಳೆಗೂಸು ಹಸ್ಕೊಂಡು ಸಾಯ್ತಾ ಇದೆ, ದೇವರು ಬೀಗದೊಳಗೆ ಕೂತಿದಾನೆ."

"ಹಿಂದಕ್ಕೆ ಹೋಗಿ ಅಂದ್ರೆ ಕೇಳ್ತಾ ಇಲ್ಲಮ್ಮ."

"ಹಿಂದಕ್ಕೋ ಮುಂದಕ್ಕೋ ನಂಗೇನೋ? ನಂಗೆ ನೀರು ಬೇಕು. ಮುಂದಕ್ಕೆ ಹೋಗ್ಲಿ ಹಾಳಾಗಿ, ಆಮೇಲೆ ತೊಳ್ಸಿದ್ರಾಯ್ತು."

ಅಂಬಲವಾಣರ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ದೊಣ್ಣೆ ಹಿಡಿದವರು ಒಬ್ಬೊಬ್ಬರೇ ಬೇಲಿಯ ಮಗ್ಗುಲಿಗೆ ಸರಿದರು.

ಕೇರಿಯಲ್ಲಿ ಹೊರುವ ಸ್ಥಿತಿಯಲ್ಲಿದ್ದ ಗಂಡಸರು ಇಬ್ಬರೇ. ಹೆಂಗಸರು ಕಾಯಲಿಲ್ಲ. ಚಟ್ಟ ನೆಟ್ಟಗೆ ಮಾಡಿ, ವೈರವನ್‌ನನ್ನು ಮಲಗಿಸಿ, ನಾಲ್ಕು ಮೂಲೆಗೆ ನಾಲ್ವರು ಹೆಗಲು ಕೊಟ್ಟರು. ಮುಂದಿನ ಬಲಮೂಲೆ ಪಾಕಿಯಂಳದು. ಒಂದೇ ಕೈ, ಹಲ್ಲು ಕಚ್ಚಿಕೊಂಡು. ಎತ್ತಿದಾಗ ಎಲುಬು ಕಟ್ಟಿನೊಳಗೆ ಅಲುಗಿ ಕಣ್ಣು ಕತ್ತಲಿಟ್ಟಿತು. ಆದರೂ ಕಮಾನಿನ ನೆರಳು ತಲೆಯ ಮೇಲಿಂದ ಸರಿದು ಬಿಸಿಲು ಬಿದ್ದದ್ದು ಅವಳಿಗೆ ತಿಳಿಯಿತು. ರಸ್ತೆ. ರಸ್ತೆಯ ಮನೆಯೊಂದರ ಬಾಗಿಲ ಹಿಂದಿನಿಂದ ಯಾರೋ ಕ್ಯಾಕರಿಸಿ ಉಗಿದರು. ಸೆಲ್ಲಾಚ್ಚಿ ಅತ್ತ ತಿರುಗಿ ಅದಕ್ಕಿಂತ ಜೋರಾಗಿ ಉಗಿದಳು. ಅವತ್ತು ಸುಡುಗಾಡಿನ ತನಕ ಹೆಂಗಸರು ಹೋದರು. ಇಳೈಯಾನ್ ಮಾವ ತಲೆಗೆ ಬಟ್ಟೆ ಸುತ್ತಿಕೊಂಡು ತೂರಾಡುತ್ತ ಬಂದು ಕೊಳ್ಳಿ ಇಟ್ಟ.

ಚಿತೆ ಇನ್ನೂ ಉರಿಯುತ್ತಿದ್ದಾಗ ಹಿಂದೆ ಇನ್ನೊಂದು ಹೊಗೆ ಎದ್ದಿತು. ಅದು ಕೇರಿಯ ಕಡೆಯದು.

ಓಡಿ ಬರುವಷ್ಟರಲ್ಲಿ ಹನ್ನೊಂದು ಗುಡಿಸಲು ನೆಲ ಕಚ್ಚಿದ್ದವು. ತಾಳೆಗರಿಯ ಸೂರು ಹೊತ್ತಿಕೊಳ್ಳಲು ಎಷ್ಟು ಹೊತ್ತು ಬೇಕು. ಕಾಲು ಮುರಿದು ಮಲಗಿದ್ದವನನ್ನು ಹೇಗೋ ಹೊರಗೆಳೆದಿದ್ದರು. ಸೆಲ್ಲಾಚ್ಚಿಯ ಮೇಕೆ ಕಟ್ಟಿದ ಗೂಟದಲ್ಲೇ ಬೆಂದುಹೋಗಿತ್ತು, ಹೊಟ್ಟೆಯಲ್ಲಿ ಎರಡು ಮರಿ. ಸೆಲ್ಲಾಚ್ಚಿ ಅದನ್ನು ನೋಡಿ, ತಿರುಗಿ ಬಂದು, ಪಾಕಿಯಂಳ ಕೆನ್ನೆಗೆ ರಪ್ಪನೆ ಬಾರಿಸಿದಳು.

"ಸಿಕ್ತೇನೇ ನಿಂಗೆ ದಾರಿ? ಹ್ಞಾಂ? ಸಿಕ್ತಾ? ನಿಮ್ಮಪ್ಪನ ಹೆಣಕ್ಕೆ ನನ್ನ ಮನೆ ಸುಟ್ಟೆಯಲ್ಲೇ!"

ಗುಡಿಸಲು ಕಳೆದುಕೊಂಡವರಲ್ಲಿ ಯಾರೂ ಪಾಕಿಯಂಳ ಹತ್ತಿರ ಕೂರಲಿಲ್ಲ. ಅವಳ ಗುಡಿಸಲು ಬೇರೆ ಸುಡದೆ ಉಳಿದಿತ್ತು. ಅದು ಎಲ್ಲದಕ್ಕಿಂತ ಹೆಚ್ಚಿನ ಅಪರಾಧವಾಯಿತು.

ಮಾರನೆಯ ಬೆಳಗ್ಗೆ ಪೊಲೀಸರು ಬಂದರು. ಬೆಂಕಿ ಇಟ್ಟವರನ್ನು ಹುಡುಕಿಕೊಂಡಲ್ಲ. ಶಿವಕೊಳುಂದುವಿನ ಕಣ್ಣಿಗೆ ಸುಣ್ಣ ಹಾಕಿದವಳು ಯಾರು ಎಂದು ಕೇಳಿಕೊಂಡು. ಸೆಲ್ಲಾಚ್ಚಿ ಬಾಯಿ ತೆರೆಯುವ ಮೊದಲೇ ಪಾಕಿಯಂ, "ನಾನೇ," ಎಂದಳು.

"ಒಂದು ಕೈಯಲ್ಲೇ ಎರಡು ಬೊಗಸೆ ಎತ್ತಿದ್ಯಾ?" ಎಂದು ಇನ್ಸ್‌ಪೆಕ್ಟರ್ ಅವಳ ಬಾತ ಕೈ ನೋಡಿದ.

"ಕೈ ಆಮೇಲೆ ಮುರಿದಿದ್ದು."

ಜೀಪನ್ನು ದೊಡ್ಡ ರಸ್ತೆಯಲ್ಲಿ, ಕಮಾನಿನ ಎದುರಿಗೇ ನಿಲ್ಲಿಸಿದ್ದರು. ಕಮಾನಿನ ಕೆಳಗೆ ನೆಲ ಸಗಣಿ ನೀರಿನಿಂದ ಒದ್ದೆಯಾಗಿತ್ತು, ಅಂಬಲವಾಣರು ತೊಳೆಸಿದ್ದರು. ಪೊಲೀಸರು ಅವಳನ್ನು ಹಿಂದೆ ಕೂರಿಸಿ, ಕಾಗದದಲ್ಲಿ ಏನೋ ಬರೆಯುತ್ತ ನಿಂತರು. ಅವಳ ಆ ಕೈ ಮುಂದೆಂದೂ ನೆಟ್ಟಗಾಗಲಿಲ್ಲ. ಹನ್ನೊಂದು ತಿಂಗಳು ಜೈಲಿನಲ್ಲಿದ್ದು ಬಂದ ಮೇಲೂ ಒಂದೇ ಕೈಯಲ್ಲಿ ಕಲ್ಲು ಒಡೆದು ಬದುಕಿದಳು. ಆದರೆ ಆ ಬೆಳಗ್ಗೆ ಅವಳಿಗೆ ಅದೊಂದೂ ಗೊತ್ತಿರಲಿಲ್ಲ. ಕೈ ಸಿಡಿಯುತ್ತಿತ್ತು, ಹೊಟ್ಟೆ ಹಸಿದಿತ್ತು, ಅಷ್ಟೆ.

ಆಗ ರಸ್ತೆಯ ಕಡೆಯಿಂದ ಸೆಲ್ಲಾಚ್ಚಿ ಬಂದಳು. ಪೊಲೀಸರು ಪಾಕಿಯಂಳನ್ನು ಕೇರಿಯಿಂದ ಕರೆತಂದು ಕಾಗದ ಬರೆಯುವಷ್ಟರಲ್ಲಿ ಇವಳು ಎಲ್ಲಿಂದಲೋ ತಾಳೆಗರಿ ಕಾಡಿಬೇಡಿ ತಂದಿದ್ದಳು, ಸೂರು ಹೊದಿಸಬೇಕಲ್ಲ. ತಲೆಯ ಮೇಲೆ ಎರಡಾಳು ಅಗಲದ ಹೊರೆ. ಅಷ್ಟಗಲದ ಹೊರೆ ಹೊತ್ತು ಕತ್ತಾಳೆ ಮೆಳೆಯಲ್ಲಿ ನುಸುಳಲು ಆಗುವುದಿಲ್ಲ. ಅವಳು ಜೀಪನ್ನು ನೋಡಿದಳು, ಪಾಕಿಯಂಳನ್ನು ನೋಡಿದಳು, ಗರಿಗಳ ಸರಪರ ಸದ್ದಿನಲ್ಲಿ ಮಾತು ಅರ್ಧ ಮುಳುಗುತ್ತಿದ್ದರೂ ಹೊರೆಯ ಅಡಿಯಿಂದಲೇ ಶುರು ಮಾಡಿದಳು:

"ಹಾಳಾದವಳೇ, ನಿನ್ನ ಕೈ ಉದುರಿಹೋಗ! ಸುಣ್ಣ ಹಾಕಿದ್ದು ನಾನು, ಮೆರೆಯಕ್ಕೆ ನೀನು! ನನ್ನ ಮೇಕೆ ಯಾರು ಕೊಡ್ತಾರೆ, ನಿಮ್ಮಪ್ಪ ಕೊಡ್ತಾನಾ?"

ಬೈಯುತ್ತಲೇ ಅಡ್ಡಡ್ಡ ತಿರುಗಿ, ಹೊರೆಯ ತುದಿ ಕಂಬಕ್ಕೆ ಉಜ್ಜುತ್ತ, ತೊಳೆದ ನೆಲದ ಮೇಲೆ ಮಣ್ಣುಗಾಲಿಟ್ಟು ಕಮಾನಿನೊಳಕ್ಕೆ ನಡೆದಳು. ಹಿಂದೆ ಇನ್ನೊಬ್ಬಳು ಹೊರೆ ಹೊತ್ತು ಬರುತ್ತಿದ್ದಳು, ಅವಳ ಹಿಂದೆ ಇನ್ನಿಬ್ಬರು.

"ಯಾರನ್ನ ಬೈತಾ ಇರೋದು ಅವಳು?" ಎಂದು ಕಾನ್‌ಸ್ಟೆಬಲ್ ಕೇಳಿದ.

"ನನ್ನನ್ನೇ," ಎಂದಳು ಪಾಕಿಯಂ.